ತೊರೆಯ ತಂಪು

ನೀರಿಗೆ ತಂಪೇ ಸಹಜಗುಣವೆಂಬುದು ನಮ್ಮ ಹಿಂದಿನವರ ಎಣಿಕೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕರೆಲ್ಲರೂ ಶೀತಸ್ಪರ್ಶವೇ ಜಲದ ಲಕ್ಷಣವೆಂದು ಬಲ್ಲರು. ಹಾಗಾದರೆ ಬಿಸಿನೀರಿನ ಗತಿಯೇನೆಂದು ಕೇಳಿದರೆ, ಆ ಬಿಸಿಯು ನೀರಿನದಲ್ಲ, ತೇಜಸ್ಸಿನ ಸಂಯೋಗದಿಂದ ಅದರಲ್ಲಿ ತೋರುವ ಔಪಾಧಿಕವಾದ ಗುಣವೆಂದು ತಾರ್ಕಿಕರು ಸಮಾಧಾನ ಹೇಳುವರು. ಈಗಿನ ಭೌತಶಾಸ್ತ್ರವು ಈ ಲಕ್ಷಣವನ್ನು ಅಂಗೀಕರಿಸುವುದಿಲ್ಲ. ಶಾಖವು ಎಲ್ಲ ವಸ್ತುಗಳಿಗೂ ಸಮಾನವಾದದ್ದೇ ಸರಿ. ಆದರೂ ಹರಿಯುವ ತೊರೆಯ ವಿಷಯದಲ್ಲಿ ಆ ಹಳೆಯ ಸಮಾಧಾನವು ಬಹಳ ಉಪಯುಕ್ತವಾದುದು. ತೊರೆಯ ನೀರು ಬಿಸಿಯಾಯಿತೆಂದರೆ ಎಲ್ಲಿಂದಲೋ ತೇಜಸ್ಸು ಅದರೊಳಕ್ಕೆ ಸೇರಿರಬೇಕು. ಅದು ಎಲ್ಲಿಂದ ಬಂದಿತು, ಯಾವ ಬಾಗಿಲಿನಿಂದ ಹೊಕ್ಕಿತು ಎಂಬುದನ್ನು ತಿಳಿದವನೇ ಆ ತೊರೆಗೆ ಚಿಕಿತ್ಸೆ ಮಾಡಬಲ್ಲನು.

ಕೆಟ್ಟ ತೊರೆಗಳನ್ನು ಮರಳಿ ನೆಲೆಗೊಳಿಸುವ ಕಾರ್ಯವು ಈಗ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಅವುಗಳಲ್ಲಿ ನೀರಿನ ಉಷ್ಣಮಾನವನ್ನೇ ಮುಖ್ಯವಾಗಿ ಗಮನಿಸಿ, ಅಳೆದು, ಪ್ರಯೋಗಮಾಡಿ ನೋಡಿದ ಪ್ರದೇಶಗಳಲ್ಲಿ ಅಮೆರಿಕದ ವಾಯವ್ಯ ಭಾಗದ ಆರೆಗಾನ್ ಸಂಸ್ಥಾನವು ಅಗ್ರಗಣ್ಯವಾದುದು. ಆ ವೃತ್ತಾಂತದ ಸಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನೀರು ನಾಲ್ಕು ಡಿಗ್ರಿ ಹೆಚ್ಚು ಬೆಚ್ಚಗಾದರೆ ಆಗುವ ನಷ್ಟವೇನು ಎಂದು ಕೆಲವರು ಕೇಳಬಹುದು. ದಡದಲ್ಲಿ ನಿಂತ ಮನುಷ್ಯನಿಗೆ ಏನೂ ಇಲ್ಲ. ನೀರಿನೊಳಗಿರುವ ಪ್ರಾಣಿಗೆ ಅದೇ ಜೀವನ್ಮರಣದ ಪ್ರಶ್ನೆ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕದಿಂದ. ತಣ್ಣೀರು ಆಮ್ಲಜನಕವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿನೀರು ಬಿಟ್ಟುಬಿಡುತ್ತದೆ. ಒಂದು ಲೀಟರ್ ಶುದ್ಧವಾದ ನೀರಿನಲ್ಲಿ ೧೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೧೧.೩ ಮಿಲಿಗ್ರಾಂ ಆಮ್ಲಜನಕವು ಕರಗಬಲ್ಲದು. ೨೦ ಡಿಗ್ರಿಯಲ್ಲಿ ೯.೧, ೩೦ ಡಿಗ್ರಿಯಲ್ಲಿ ಏಳೂವರೆ ಮಾತ್ರ. ಇತ್ತ ನೀರು ಬಿಸಿಯಾದಂತೆಲ್ಲ ಮೀನಿನ ದೇಹದ ವ್ಯಾಪಾರವು ಚುರುಕಾಗಿ, ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಬೇಡಿಕೆ ಏರುವ ಹೊತ್ತಿಗೇ ಒದಗಣೆ ಇಳಿಯುವುದು. ಇದು ಸಂಸಾರಿಗಳೆಲ್ಲರೂ ಬಲ್ಲ ಕಷ್ಟವೇ.

ಆರೆಗಾನಿನ ತೊರೆಗಳಲ್ಲಿ ಸಾಲ್ಮನ್ ಜಾತಿಯ ಮೀನುಗಳು ಹುಟ್ಟುತ್ತವೆ. ತಣ್ಣನೆಯ ತೊರೆಯ ತಳದ ಗರಸಿನಲ್ಲಿ ತಾಯಿಮೀನು ಮೊಟ್ಟೆಯಿಡುವುದು. ಮರಿಗಳು ಬೆಳೆದು ನೂರಾರು ಮೈಲಿ ಇಳಿದು ಸಮುದ್ರಕ್ಕೆ ಹೋಗುವುವು. ಕೆಲವು ವರ್ಷ ಅಲ್ಲಿದ್ದು, ಪ್ರಾಯಕ್ಕೆ ಬಂದ ಮೇಲೆ, ತಾವು ಹುಟ್ಟಿದ ತೊರೆಯನ್ನೇ ಅರಸಿ ಪ್ರವಾಹದ ಎದುರಾಗಿ ಏರಿ ಬಂದು ಮೊಟ್ಟೆಯಿಡುವುವು. ಅವುಗಳಲ್ಲಿ ಬಹುಪಾಲು ಅಲ್ಲಿಯೇ ಪ್ರಾಣಬಿಡುವುವು. ಇವು ಬಾಳುವ ತೊರೆಗಳ ನೀರು ಸಾಮಾನ್ಯವಾಗಿ ೧೮ ಡಿಗ್ರಿಯನ್ನು ಮೀರಬಾರದೆಂದು ಆ ಸಂಸ್ಥಾನದವರು ನಿಯಮ ಮಾಡಿದ್ದಾರೆ. ೨೫ ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ಸಿಕ್ಕಿಕೊಂಡರೆ ಸಾವು ಸಮೀಪಿಸುತ್ತದೆ. ೨೦೧೫ರ ಬೇಸಗೆಯಲ್ಲಿ ಕೊಲಂಬಿಯಾ ನದಿಯೂ ಅದರ ಉಪನದಿಗಳೂ ಅತಿಯಾಗಿ ಕಾದುದರಿಂದ ಸಾಕೈ ಎಂಬ ಜಾತಿಯ ಸಾಲ್ಮನ್ ಮೀನುಗಳು ಎರಡೂವರೆ ಲಕ್ಷದಷ್ಟು ದಾರಿಯಲ್ಲಿಯೇ ಸತ್ತುವು. ಈ ನಷ್ಟವು ಮೀನುಗಳದು ಮಾತ್ರವಲ್ಲ. ಆ ನಾಡಿನ ಮೂಲನಿವಾಸಿಗಳಾದ ಜನಾಂಗಗಳು ೧೮೫೫ರಲ್ಲಿ ತಮ್ಮ ವಿಶಾಲವಾದ ಭೂಮಿಯನ್ನು ಅಮೆರಿಕ ಸರಕಾರಕ್ಕೆ ಬಿಟ್ಟುಕೊಟ್ಟಾಗ, ತಾವು ಹಿಂದಿನಿಂದ ಮೀನು ಹಿಡಿಯುತ್ತಿದ್ದ ಸ್ಥಳಗಳಲ್ಲಿ ಹಿಡಿಯುವ ಹಕ್ಕನ್ನು ಮಾತ್ರ ಒಡಂಬಡಿಕೆಯಲ್ಲಿ ಉಳಿಸಿಕೊಂಡರು. ಮೀನೇ ಇಲ್ಲದ ನದಿಯಲ್ಲಿ ಮೀನು ಹಿಡಿಯುವ ಹಕ್ಕಿದ್ದು ಫಲವೇನು?

ಇನ್ನು ತೇಜಸ್ಸು ಬರುವ ಬಾಗಿಲನ್ನು ನೋಡೋಣ. ಗಾಳಿ ಬಿಸಿಯಾಗಿರುವುದರಿಂದ ನೀರೂ ಬಿಸಿಯಾಗುತ್ತದೆಂದು ಸಾಮಾನ್ಯರು ತಿಳಿಯುತ್ತಾರೆ. ಚಿಕ್ಕ ತೊರೆಗಳ ಮಟ್ಟಿಗೆ ಗಾಳಿಯಿಂದ ಬರುವ ಶಾಖವು ಅಲ್ಪ. ಮೈಮೇಲೆ ನೇರವಾಗಿ ಬೀಳುವ ಬಿಸಿಲೇ ಪ್ರಧಾನವಾದುದು. ಆರೆಗಾನ್ ವಿಶ್ವವಿದ್ಯಾನಿಲಯವೊಂದರಲ್ಲಿದ್ದ ಜಾರ್ಜ್ ಬ್ರೌನ್ ಎಂಬ ವಿದ್ವಾಂಸರು ೧೯೬೯ರಲ್ಲಿ ತೊರೆಗಳ ಶಾಖದ ಆಯವ್ಯಯವನ್ನು ಲೆಕ್ಕಹಾಕಿ ಇದನ್ನು ಸ್ಪಷ್ಟಪಡಿಸಿದರು. ಅವರ ಸೂತ್ರವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು: ಬಿಸಿಲು ಬೀಳುವ ನೀರಿನ ಹರವು ಹೆಚ್ಚಾದಷ್ಟೂ ನೀರು ಕಾಯುವುದು, ಹರಿಯುವ ನೀರಿನ ಮೊತ್ತ ಹೆಚ್ಚಾದಷ್ಟೂ ಕಾಯುವುದು ಕಡಮೆ.

ಪಾಠಶಾಲೆಯ ಕರಿಹಲಗೆಯ ಮೇಲೆ ಮಾಡುವಂತೆ ಒಂದು ಚಿಕ್ಕ ಲೆಕ್ಕವನ್ನು ಇಲ್ಲಿ ಮಾಡಬಹುದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖಕ್ಕೆ ಒಂದು ಕ್ಯಾಲೊರಿಯೆಂದು ಹೆಸರು. ಬೇಸಗೆಯ ನಡುಹಗಲ ಬಿಸಿಲು ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ನಿಮಿಷಕ್ಕೆ ಒಂದು ಕ್ಯಾಲೊರಿಗಿಂತ ತುಸು ಹೆಚ್ಚಾಗಿಯೇ ಶಾಖವನ್ನು ಸುರಿಸುತ್ತದೆ. ಸೌಕರ್ಯಕ್ಕಾಗಿ ಒಂದೇ ಎಂದಿಟ್ಟುಕೊಳ್ಳೋಣ. ಗಂಟೆಗೆ ೬೦ ಕ್ಯಾಲೊರಿಯಾಯಿತು. ನೀರು ೧೦ ಸೆಂಟಿಮೀಟರ್ ಮಾತ್ರ ಆಳವಾಗಿದ್ದರೆ, ಆ ಜಾಗದ ಕೆಳಗಿರುವುದು ೧೦ ಗ್ರಾಂ ನೀರು. ಬಿದ್ದ ಶಾಖವೆಲ್ಲ ಅದರಲ್ಲಿಯೇ ಉಳಿದರೆ ಒಂದು ಗಂಟೆಯಲ್ಲಿ ಅದು ೬ ಡಿಗ್ರಿ ಏರುವುದು. ಆಳವು ೬೦ ಸೆಂಟಿಮೀಟರ್ ಆದರೆ ಏರುವುದು ಒಂದೇ ಡಿಗ್ರಿ. ಅಂಗಳದ ಬಿಸಿಲಿನಲ್ಲಿ ಹರಿವಾಣದ ತುಂಬ ನೀರನ್ನೂ ಪಕ್ಕದಲ್ಲಿ ಒಂದು ಕೊಡ ನೀರನ್ನೂ ಇಟ್ಟು ನೋಡಿದ ಗೃಹಿಣಿಯರಿಗೆ ಈ ಲೆಕ್ಕದ ಅವಶ್ಯಕತೆಯೇ ಇಲ್ಲ. ತೊರೆಯ ಪಾತ್ರವು ಕೆಟ್ಟು ಅಗಲವಾಗಿ ಹರಡಿಕೊಂಡಾಗ ಕೊಡವು ಹರಿವಾಣವಾಗುತ್ತದೆ. ಹೊಲಗಳಿಗೆಂದು ನೀರನ್ನು ತಿರುಗಿಸಿಕೊಂಡಾಗ ಆ ಹರಿವಾಣದ ನೀರೂ ತೆಳ್ಳಗಾಗುತ್ತದೆ.

ಬಿಸಿಲಿನ ಈ ಪ್ರಾಬಲ್ಯವನ್ನು ಊಹೆಯಿಂದಲ್ಲದೆ ಪ್ರತ್ಯಕ್ಷದಿಂದ ಸ್ಥಾಪಿಸಿದ ಪ್ರಯೋಗವು ಆರೆಗಾನಿನ ಕರಾವಳಿಯ ಬೆಟ್ಟಗಳಲ್ಲಿ, ಆಲ್ಸೀ ಎಂಬ ನದಿಯ ಸೀಮೆಯಲ್ಲಿ, ೧೯೫೯ರಿಂದ ೧೯೭೩ರವರೆಗೆ ನಡೆಯಿತು. ನಮ್ಮ ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕ ಎಂಬ ಎರಡು ಒರೆಗಲ್ಲುಗಳುಂಟು: ಇದು ಇದ್ದರೆ ಅದು ಇರಬೇಕು, ಇದು ಇಲ್ಲವಾದರೆ ಅದೂ ಇಲ್ಲವಾಗಬೇಕು. ಇವೆರಡೂ ಕೂಡದಿದ್ದರೆ ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂಬ ಕಾಕತಾಳೀಯವಾದೀತು. ಆಲ್ಸೀಯ ಪ್ರಯೋಗಕಾರರು ಈ ನ್ಯಾಯವನ್ನೇ ಅನುಸರಿಸಿ ಅಕ್ಕಪಕ್ಕದ ಮೂರು ತೊರೆಗಳನ್ನು ಆರಿಸಿಕೊಂಡರು. ಮೊದಲು ಏಳು ವರ್ಷ ಯಾವುದನ್ನೂ ಮುಟ್ಟದೆ ಅಳೆಯುತ್ತ ಬಂದರು. ೧೯೬೬ರಲ್ಲಿ ನೀಡಲ್ ಬ್ರಾಂಚ್ ಎಂಬ ತೊರೆಯ ಸುಮಾರು ೧೭೫ ಎಕರೆಯ ಜಲಾನಯನದಲ್ಲಿ ದಡದವರೆಗೂ ಮರಗಳನ್ನು ಬೋಳುಗಡಿದರು. ಡಿಯರ್ ಕ್ರೀಕ್ ಎಂಬುದರಲ್ಲಿ ಅಲ್ಲಲ್ಲಿ ತುಂಡುತುಂಡಾಗಿ ಕಡಿದು, ತೊರೆಯ ಇಕ್ಕೆಲದಲ್ಲಿ ಗಿಡಮರಗಳ ಪಟ್ಟಿಯನ್ನು ಉಳಿಸಿದರು. ಫ್ಲಿನ್ ಕ್ರೀಕ್ ಎಂಬ ಮೂರನೆಯದನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು.

ಫಲವು ನಿಸ್ಸಂದಿಗ್ಧವಾಗಿತ್ತು. ಬೋಳಾದ ನೀಡಲ್ ಬ್ರಾಂಚಿನಲ್ಲಿ ವರ್ಷದ ಅತ್ಯಧಿಕ ಉಷ್ಣಮಾನವು ೫೭ ಡಿಗ್ರಿ ಫ್ಯಾರನ್‌ಹೀಟಿನಿಂದ ಮರುವರ್ಷವೇ ೮೫ಕ್ಕೆ ಏರಿತು. ಸೆಂಟಿಗ್ರೇಡಿನಲ್ಲಿ ಹೇಳುವುದಾದರೆ ಸುಮಾರು ೧೪ರಿಂದ ೨೯ಕ್ಕೂ ಮೇಲೆ. ಅಲ್ಲಿದ್ದ ಟ್ರೌಟ್ ಮೀನುಗಳ ಸಂಖ್ಯೆಯು ಬಹಳವಾಗಿ ಕುಗ್ಗಿತು. ದಡದ ಮರಗಳನ್ನು ಉಳಿಸಿದ್ದ ಡಿಯರ್ ಕ್ರೀಕಿನಲ್ಲಿ ಮರಕಡಿತದಿಂದ ಆಯಿತೆನ್ನಬಹುದಾದ ಯಾವ ಏರಿಕೆಯೂ ಕಾಣಲಿಲ್ಲ. ಗುಡ್ಡದ ಮೇಲಿನ ಮರಗಳು ಹೋದುದಕ್ಕಿಂತ ನೀರಿಗೆ ನೆರಳು ಕೊಡುತ್ತಿದ್ದ ಮರಗಳು ಹೋದುದೇ ಕಾರಣವೆಂಬುದು ಹೀಗೆ ಸಿದ್ಧವಾಯಿತು. ೧೯೭೧ರಲ್ಲಿ ಆರೆಗಾನ್ ಸಂಸ್ಥಾನವು ಅರಣ್ಯಕಾರ್ಯಗಳನ್ನು ಕುರಿತ ಕಾನೂನನ್ನು ಮಾಡಿತು. ದಡದ ಮರಗಳ ರಕ್ಷಣೆಯು ಕ್ರಮೇಣ ಅದರ ಅಂಗವಾಯಿತು. ಮುಂದೆ ೨೦೦೯ರಲ್ಲಿ ಅದೇ ನೀಡಲ್ ಬ್ರಾಂಚಿನ ಮೇಲ್ಭಾಗದಲ್ಲಿ, ಬೆಳೆದುಬಂದಿದ್ದ ಎರಡನೆಯ ತಲೆಯ ಕಾಡನ್ನು, ಈ ಬಾರಿ ದಡದಲ್ಲಿ ಮರಗಳ ಪಟ್ಟಿಯನ್ನು ಬಿಟ್ಟು, ಕಡಿದರು. ಬೇಸಗೆಯ ಗರಿಷ್ಠ ಉಷ್ಣಮಾನದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಒಂದೇ ತೊರೆಯು ಎರಡು ಬಗೆಯ ಕೊಡಲಿಗೆ ಎರಡು ಬಗೆಯ ಸಾಕ್ಷ್ಯವನ್ನು ನುಡಿದಂತಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೆರಳು ನೀರನ್ನು ತಂಪುಮಾಡುವುದಿಲ್ಲ, ಬಿಸಿಯಾಗುವುದನ್ನು ತಡೆಯುತ್ತದೆ. ಕಾಯ್ದ ಹಾಲಿನ ಪಾತ್ರೆಯನ್ನು ಒಲೆಯಿಂದಿಳಿಸಿ ಮೂಲೆಯಲ್ಲಿಟ್ಟ ಮಾತ್ರಕ್ಕೆ ಅದು ತಕ್ಷಣ ತಣಿಯದಷ್ಟೆ. ಹಾಗೆಯೇ ಮೇಲಿನ ಬಯಲಿನಲ್ಲಿ ಕಾದು ಬಂದ ನೀರು ಕೆಳಗಿನ ತೋಪಿನ ನೆರಳನ್ನು ಹೊಕ್ಕೊಡನೆಯೇ ತಣ್ಣಗಾಗುವುದಿಲ್ಲ. ಆದಕಾರಣ ತೊರೆಯ ತಲೆಯ ಕಡೆಯಿಂದಲೇ ನೆರಳು ಬೇಕು. ಒಂದು ಫರ್ಲಾಂಗು ಮರ ನೆಟ್ಟು ಫಲ ಕಾಣಲಿಲ್ಲವೆಂದು ಕೈಬಿಡುವವರು ಈ ಭೇದವನ್ನು ತಿಳಿಯದವರು.

ಹಾಗಾದರೆ ಕಾದ ನೀರನ್ನು ತಣಿಸುವುದು ಯಾವುದು? ಆವಿಯಾಗುವಿಕೆಯಿಂದ ಸ್ವಲ್ಪ ತಣಿಯುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಅದರಿಂದಲೇ. ರಾತ್ರಿ ಆಕಾಶಕ್ಕೆ ಶಾಖವನ್ನು ಬಿಟ್ಟುಕೊಟ್ಟು ಮತ್ತಷ್ಟು ತಣಿಯುತ್ತದೆ. ಇವೆರಡಕ್ಕಿಂತಲೂ ತೊರೆಗೆ ಹಗಲಿನಲ್ಲಿ ಆಸರೆಯಾದುದು ನೆಲದೊಳಗಿನ ನೀರು. ಬಾವಿಯ ನೀರು ಚಳಿಗಾಲದ ಬೆಳಗಿನಲ್ಲಿ ಬೆಚ್ಚಗೂ ಬೇಸಗೆಯ ಮಧ್ಯಾಹ್ನದಲ್ಲಿ ತಣ್ಣಗೂ ತೋರುವುದು ಎಲ್ಲರ ಅನುಭವ. ವಸ್ತುತಃ ಅದು ವರ್ಷವೆಲ್ಲ ಹೆಚ್ಚುಕಡಮೆ ಒಂದೇ ಹದದಲ್ಲಿರುತ್ತದೆ. ಆ ಸ್ಥಳದ ಇಡೀ ವರ್ಷದ ಹವೆಯ ಸರಾಸರಿ ಉಷ್ಣಮಾನವೇ ನೆಲದಾಳದ ನೀರಿನ ಉಷ್ಣಮಾನಕ್ಕೆ ಸಮೀಪವಾದುದು. ಆರೆಗಾನಿನ ಪಶ್ಚಿಮ ತಗ್ಗುನಾಡಿನಲ್ಲಿ ಅದು ಹತ್ತು ಹನ್ನೆರಡು ಡಿಗ್ರಿ. ಇಂಥ ನೀರು ತಳದಿಂದ ಒಸರಿ ಬೆರೆತರೆ ತೊರೆಯು ನಿಜವಾಗಿ ತಣಿಯುತ್ತದೆ. ಇದಲ್ಲದೆ ತೊರೆಯ ನೀರೇ ತಳದ ಗರಸಿನೊಳಕ್ಕೆ ಇಳಿದು, ಕಲ್ಲುಗಳ ಸಂದಿನಲ್ಲಿ ಗುಪ್ತಗಾಮಿನಿಯಾಗಿ ಹರಿದು, ಸ್ವಲ್ಪ ಕೆಳಗೆ ಮತ್ತೆ ಮೇಲೇಳುತ್ತಿರುತ್ತದೆ. ಮಧ್ಯಾಹ್ನದಲ್ಲಿ ಒಳಗಿಳಿದ ಬಿಸಿನೀರು ಕಲ್ಲಿಗೆ ಶಾಖವನ್ನು ಕೊಟ್ಟು ತಡವಾಗಿ ಹೊರಬರುವುದು. ರಾತ್ರಿ ಇಳಿದ ತಣ್ಣೀರು ಹಗಲು ಹೊರಬರುವುದು. ಇದರಿಂದ ಇಡೀ ದಿನದ ಸರಾಸರಿಯು ಹೆಚ್ಚಾಗಿ ಬದಲಾಗದಿದ್ದರೂ, ಪ್ರಾಣಾಂತಿಕವಾದ ಮಧ್ಯಾಹ್ನದ ಶಿಖರವು ತಗ್ಗುತ್ತದೆ.

ಮರ ನೆಡುವುದರ ಜೊತೆಗೆ ತೊರೆಯ ಆಕಾರವನ್ನೂ ಸರಿಪಡಿಸಬೇಕೆಂಬುದಕ್ಕೆ ಇದೇ ಕಾರಣ. ಆರೆಗಾನಿನ ಪೂರ್ವಭಾಗದ ಜಾನ್ ಡೇ ನದಿಯ ನಡುಕವಲಿನಲ್ಲಿ ಕಳೆದ ಶತಮಾನದಲ್ಲಿ ಚಿನ್ನದ ಆಸೆಯಿಂದ ಯಂತ್ರದೋಣಿಗಳನ್ನು ತಂದು ಕಣಿವೆಯ ತಳವನ್ನೇ ಬಗೆದು, ಕಲ್ಲಿನ ಗುಡ್ಡೆಗಳನ್ನು ಬಿಟ್ಟುಹೋದರು. ಅಂಕುಡೊಂಕಾಗಿ, ಮಡುವಿನಿಂದ ಮಡುವಿಗೆ ಇಳಿಯುತ್ತಿದ್ದ ನದಿಯು ನೇರವಾದ ಕಾಲುವೆಯಂತಾಯಿತು. ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿಯ ಮೂಲನಿವಾಸಿ ಜನಾಂಗಗಳ ಒಕ್ಕೂಟವು, ಅಂದರೆ ಮೇಲೆ ಹೇಳಿದ ಒಡಂಬಡಿಕೆಯವರ ವಂಶಸ್ಥರೇ, ಆ ಹಾಳುಭೂಮಿಯನ್ನು ಕ್ರಯಕ್ಕೆ ಕೊಂಡು, ಕಲ್ಲುಗುಡ್ಡೆಗಳನ್ನು ಸಮಮಾಡಿಸಿ, ನದಿಗೆ ತಿರುವುಗಳನ್ನೂ ಮಡುಗಳನ್ನೂ ಮರಳಿ ಕೊಡಿಸಿ, ದಡದಲ್ಲಿ ಗಿಡ ನೆಡಿಸಿತು. ಪೂರ್ವಿಕರು ಬಿಟ್ಟುಕೊಟ್ಟ ನೆಲವನ್ನು ಮಕ್ಕಳು ಹಣಕೊಟ್ಟು ಕೊಂಡು, ಮೀನಿಗಾಗಿ ದುರಸ್ತುಮಾಡಿದರೆಂಬುದು ಯಾರ ಮನಸ್ಸನ್ನಾದರೂ ತಟ್ಟುವ ಸಂಗತಿ. ಆ ನದಿಯ ತಳದಲ್ಲಿ ವಿದ್ವಾಂಸರು ಉದ್ದವಾದ ಗಾಜಿನ ಎಳೆಯನ್ನು ಹಾಸಿ, ಅದರೊಳಗೆ ಬೆಳಕನ್ನು ಹಾಯಿಸಿ, ಮೀಟರುಮೀಟರಿಗೂ ನೀರಿನ ಉಷ್ಣಮಾನವನ್ನು ಓದುತ್ತಾರೆ. ತಣ್ಣೀರು ಎಲ್ಲಿ ಒಸರುತ್ತದೆಂಬುದು ಹೀಗೆ ವೈದ್ಯನಿಗೆ ನಾಡಿ ಸಿಕ್ಕಂತೆ ಸಿಕ್ಕುತ್ತದೆ.

ಜಾನ್ ಡೇಯ ಮತ್ತೊಂದು ಉಪನದಿಯಾದ ಬ್ರಿಡ್ಜ್ ಕ್ರೀಕಿನ ಕಥೆ ಇನ್ನೂ ಸ್ವಾರಸ್ಯವಾದುದು. ಉತ್ತರ ಅಮೆರಿಕದಲ್ಲಿ ಬೀವರ್ ಎಂಬ ಪ್ರಾಣಿಯುಂಟು. ಅದು ಇಲಿಯ ಕುಲಕ್ಕೆ ಸೇರಿದ್ದು, ಇಪ್ಪತ್ತು ಕಿಲೋಗ್ರಾಮಿನಷ್ಟು ತೂಗುವಂಥದು, ಚಪ್ಪಟೆಯಾದ ಬಾಲವುಳ್ಳದ್ದು. ಹಲ್ಲಿನಿಂದಲೇ ಮರಗಳನ್ನು ಕಡಿದುರುಳಿಸಿ, ಕೊಂಬೆ ಮಣ್ಣುಗಳಿಂದ ತೊರೆಗೆ ಒಡ್ಡು ಕಟ್ಟಿ ಮಡು ಮಾಡಿಕೊಂಡು ಬಾಳುತ್ತದೆ. ಅದರ ತುಪ್ಪುಳದಿಂದ ಯೂರೋಪಿನ ಶ್ರೀಮಂತರು ಟೋಪಿಗಳನ್ನು ಮಾಡಿಸಿಕೊಳ್ಳುತ್ತಿದ್ದರು. ೧೮೨೦ರ ದಶಕದಲ್ಲಿ ಹಡ್ಸನ್ಸ್ ಬೇ ಕಂಪೆನಿಯು ಅಮೆರಿಕದ ಬೇಟೆಗಾರರು ಆ ಕಡೆ ಬಾರದಂತೆ ಮಾಡಬೇಕೆಂದು, ಸ್ನೇಕ್ ನದಿಯ ಸೀಮೆಯಲ್ಲಿ ಬೀವರುಗಳನ್ನು ಬೇಕೆಂದೇ ನಿರ್ಮೂಲಮಾಡಲು ಪೀಟರ್ ಸ್ಕೀನ್ ಆಗ್ಡೆನ್ ಮೊದಲಾದವರ ಕೈಕೆಳಗೆ ದಂಡುಗಳನ್ನು ಕಳುಹಿಸಿತು. ಬೀವರುಗಳು ಹೋದುವು, ಒಡ್ಡುಗಳು ಒಡೆದುವು, ತೊರೆಗಳು ತಮ್ಮ ತಳವನ್ನು ತಾವೇ ಕೊರೆದುಕೊಂಡು ಆಳವಾದ ಕಂದರಗಳಾದುವು. ನೀರು ದಡದ ಬಯಲಿಗೆ ಹತ್ತುವುದು ನಿಂತಿತು. ನೆಲದೊಳಗಿನ ನೀರು ಇಳಿಯಿತು.

ಬ್ರಿಡ್ಜ್ ಕ್ರೀಕಿನಲ್ಲಿ ೨೦೦೯ರಿಂದ ಮೊದಲುಗೊಂಡು ವಿದ್ವಾಂಸರು ಬೀವರಿನ ವಿದ್ಯೆಯನ್ನೇ ಅನುಕರಿಸಿದರು. ತೊರೆಗೆ ಅಡ್ಡಲಾಗಿ ಮರದ ಗೂಟಗಳನ್ನು ಬಡಿದು, ಅವುಗಳ ನಡುವೆ ನಮ್ಮ ಬುಟ್ಟಿ ಹೆಣೆಯುವವರಂತೆ ವಿಲ್ಲೊ ಗಿಡದ ಕೊಂಬೆಗಳನ್ನು ಹೆಣೆದರು. ಇಂಥ ೧೨೧ ಕಟ್ಟಡಗಳನ್ನು ಮಾಡಿದರು. ಆಸರೆ ಸಿಕ್ಕೊಡನೆ ಅಳಿದುಳಿದ ಬೀವರುಗಳು ಬಂದು ಅವುಗಳನ್ನು ಬಲಪಡಿಸಿ, ತಾವೂ ಹೊಸ ಒಡ್ಡುಗಳನ್ನು ಕಟ್ಟಿದುವು. ನೀರು ನಿಂತು, ಬಯಲಿಗೆ ಹತ್ತಿ, ನೆಲದೊಳಕ್ಕೆ ಇಂಗಿ, ಕೆಳಗೆ ತಣ್ಣಗೆ ಹೊರಟಿತು. ಹಗಲಿನ ಏರಿಕೆಯೂ ರಾತ್ರಿಯ ಇಳಿಕೆಯೂ ತಗ್ಗಿ, ಬೇಸಗೆಯ ಉಷ್ಣಮಾನವು ಸಮಸ್ಥಿತಿಗೆ ಬಂದಿತು. ಮೀನುಗಳು ಆಶ್ರಯಿಸಬಹುದಾದ ತಂಪಿನ ತಾಣಗಳು ಹೆಚ್ಚಿದುವು. ಸ್ಟೀಲ್‌ಹೆಡ್ ಎಂಬ ಸಮುದ್ರಗಾಮಿಯಾದ ಟ್ರೌಟಿನ ಮರಿಗಳ ಸಂಖ್ಯೆ, ಬದುಕುಳಿಯುವಿಕೆ ಎರಡೂ ವೃದ್ಧಿಯಾದುವೆಂದು ೨೦೧೬ರಲ್ಲಿ ಪ್ರಕಟವಾಯಿತು. ಆದರೆ ಇದೇ ಮದ್ದು ಎಲ್ಲೆಡೆಗೂ ಸಲ್ಲದು. ವಿಸ್ಕಾನ್ಸಿನ್ ಸಂಸ್ಥಾನದ ಚಪ್ಪಟೆಯಾದ ನೆಲದಲ್ಲಿ ಬೀವರಿನ ಮಡುಗಳು ಬಿಸಿಲಿಗೆ ಕಾದು ಟ್ರೌಟಿನ ತೊರೆಗಳನ್ನು ಕೆಡಿಸುತ್ತವೆಂದು ಅಲ್ಲಿಯವರು ಒಡ್ಡುಗಳನ್ನು ಕೀಳಿಸುತ್ತ ಬಂದಿದ್ದಾರೆ. ದೇಶಕಾಲಗಳನ್ನು ನೋಡದೆ ಕೊಟ್ಟ ಔಷಧವು ವಿಷವಾದೀತೆಂಬ ವೈದ್ಯರ ಮಾತು ತೊರೆಗಳಿಗೂ ಅನ್ವಯಿಸುತ್ತದೆ.

ಪಟ್ಟಣವಾಸಿಗಳಿಗೆ ಬೋಧಕವಾದ ಉದಾಹರಣೆಯೊಂದು ಟುಆಲಟಿನ್ ನದಿಯದು. ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕಿರುವ ಊರುಗಳ ಬಚ್ಚಲನೀರನ್ನು ಶುದ್ಧಮಾಡಿ ಆ ನದಿಗೆ ಬಿಡುತ್ತಾರೆ. ಶುದ್ಧವಾದರೂ ಆ ನೀರು ಬೆಚ್ಚಗಿರುತ್ತದೆ. ಆದ್ದರಿಂದ ಅದನ್ನು ತಣಿಸಿಯೇ ಬಿಡಬೇಕೆಂಬ ಪ್ರಶ್ನೆ ಬಂದಿತು. ಅಷ್ಟು ನೀರನ್ನು ಯಂತ್ರಗಳಿಂದ ತಣಿಸಲು ಕೋಟ್ಯಂತರ ಡಾಲರುಗಳು ಬೇಕಾಗಿದ್ದುವು. ಯಂತ್ರ ನಡೆಸಲು ಸುಡುವ ಶಕ್ತಿ ಬೇರೆ. ೨೦೦೪ರಲ್ಲಿ ಸರಕಾರವು ಮತ್ತೊಂದು ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಬಚ್ಚಲನೀರು ನದಿಗೆ ಸೇರಿಸುವ ಶಾಖಕ್ಕೆ ಪ್ರತಿಯಾಗಿ, ನದಿಯ ಉಪತೊರೆಗಳ ದಡದಲ್ಲಿ ಮರ ಬೆಳೆಸಿ ಬಿಸಿಲಿನ ಶಾಖವನ್ನು ತಡೆಯುವುದು, ಬೇಸಗೆಯಲ್ಲಿ ಜಲಾಶಯದಿಂದ ನೀರು ಬಿಟ್ಟು ಹರಿವನ್ನು ಹೆಚ್ಚಿಸುವುದು: ಇವೆರಡೇ ಆ ಮಾರ್ಗ. ತಡೆದ ಬಿಸಿಲನ್ನು ದಿನಕ್ಕೆ ಇಷ್ಟು ಕ್ಯಾಲೊರಿಯೆಂದು ಜಮಾಖರ್ಚಿನ ಪುಸ್ತಕದಲ್ಲಿ ಬರೆಯುವರು. ಸಸಿಯು ಮರವಾಗಿ ನೆರಳು ಕೊಡಲು ಅನೇಕ ವರ್ಷ ಹಿಡಿಯುವುದರಿಂದ, ಒಂದಕ್ಕೆ ಎರಡರಷ್ಟು ನೆರಳಿನ ಗಿಡಗಳನ್ನು ನೆಡಬೇಕೆಂದು ನಿಬಂಧನೆಯಿಟ್ಟರು. ಸಾಲಗಾರನು ತಡಮಾಡಿ ತೀರಿಸುವ ಸಾಲಕ್ಕೆ ಬಡ್ಡಿಯಂತೆ ಇದು.

ಸದುದ್ದೇಶವೊಂದೇ ಸಾಲದೆಂಬುದನ್ನು ಉತ್ತರ ಕ್ಯಾರೊಲೈನಾ ಸಂಸ್ಥಾನದಿಂದ ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿಕೊಟ್ಟಿತು. ಅಲ್ಲಿ ಊರೊಳಗಿನ ಕೆಟ್ಟ ತೊರೆಗಳಿಗೆ ಸುಂದರವಾದ ಹೊಸ ಪಾತ್ರಗಳನ್ನು ತೋಡುವಾಗ, ದೊಡ್ಡ ಯಂತ್ರಗಳಿಗೆ ದಾರಿಮಾಡಲು ದಡದ ಮರಗಳನ್ನೇ ಮೊದಲು ಕಡಿಯುತ್ತಿದ್ದರು. ವಿದ್ವಾಂಸರು ಅಳೆದು ನೋಡಿದಾಗ, ಜೀರ್ಣೋದ್ಧಾರವಾದ ತೊರೆಗಳು ಕಾಡಿನ ತೊರೆಗಳಿಗಿಂತ ಮಾತ್ರವಲ್ಲದೆ, ಕೈಹಚ್ಚದೆ ಬಿಟ್ಟಿದ್ದ ಊರ ತೊರೆಗಳಿಗಿಂತಲೂ ಬೇಸಗೆಯಲ್ಲಿ ಹೆಚ್ಚು ಬಿಸಿಯಾಗಿದ್ದುವು. ಗುಡಿಯ ಜೀರ್ಣೋದ್ಧಾರಕ್ಕೆಂದು ಹೋಗಿ ಮೂಲವಿಗ್ರಹವನ್ನೇ ಭಿನ್ನಮಾಡಿದಂತಾಯಿತು. ನಿಂತಿರುವ ಹಳೆಯ ಮರವೊಂದು ನಾವು ನಾಳೆ ನೆಡಲಿರುವ ನೂರು ಸಸಿಗಳಿಗಿಂತ ಇಂದಿನ ಮೀನಿಗೆ ಹೆಚ್ಚಿನದು.

ಸ್ಥಾಲೀಪುಲಾಕನ್ಯಾಯದಂತೆ ಈ ಕೆಲವು ಅಗುಳುಗಳನ್ನು ಹಿಸುಕಿ ನೋಡಿದರೆ ಅನ್ನದ ಹದವು ತಿಳಿಯುತ್ತದೆ. ತೊರೆಯನ್ನು ನೆಲೆಗೊಳಿಸಲು ಹೊರಟವರು ಕ್ರಮವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು: ಇರುವ ನೆರಳನ್ನು ಉಳಿಸಿದ್ದೇವೆಯೇ? ತೊರೆಯ ಮೈ ಕೊಡದಂತಿದೆಯೋ ಹರಿವಾಣದಂತಿದೆಯೋ? ಅದಕ್ಕೂ ನೆಲದೊಳಗಿನ ನೀರಿಗೂ ಕೊಡುಕೊಳ್ಳುವ ಬಳಕೆ ಉಳಿದಿದೆಯೇ? ಬೇಸಗೆಯಲ್ಲಿ ಅದರಲ್ಲಿ ಹರಿಯಲು ನೀರನ್ನಾದರೂ ಬಿಟ್ಟಿದ್ದೇವೆಯೇ? ಇವುಗಳಿಗೆ ಸರಿಯಾದ ಉತ್ತರವಿದ್ದ ಕಡೆ ಫಲವು ಕಂಡಿದೆ; ಒಂದನ್ನು ಮರೆತ ಕಡೆ ಮಿಕ್ಕ ಶ್ರಮವೂ ಬಹುಮಟ್ಟಿಗೆ ವ್ಯರ್ಥವಾಗಿದೆ.

ಲೋಕದ ಹವೆಯು ವರ್ಷದಿಂದ ವರ್ಷಕ್ಕೆ ಬಿಸಿಯೇರುತ್ತಿರುವ ಈ ಕಾಲದಲ್ಲಿ ಈ ಕಾರ್ಯಕ್ಕೆ ಮತ್ತಷ್ಟು ಮಹತ್ತ್ವ ಬಂದಿದೆ. ಕೊಲಂಬಿಯಾದಂಥ ಮಹಾನದಿಯನ್ನು ನೆರಳಿನಿಂದ ಮುಚ್ಚಲು ಯಾರಿಂದಲೂ ಆಗದು. ಆದರೆ ತಣ್ಣನೆಯ ಉಪನದಿಯು ಬಂದು ಕೂಡುವ ಬಾಯಿಯಲ್ಲಿ, ದಣಿದ ಮೀನುಗಳು ಧರ್ಮಛತ್ರದಲ್ಲಿ ದಾರಿಹೋಕರು ತಂಗುವಂತೆ, ಗುಂಪುಗುಂಪಾಗಿ ತಂಗಿ, ಬಿಸಿ ಇಳಿದ ಮೇಲೆ ಪ್ರಯಾಣವನ್ನು ಮುಂದುವರಿಸುತ್ತವೆ. ಅಂಥ ತಂಗುದಾಣಗಳನ್ನು ಕಾಪಾಡಲು ೨೦೨೧ರಲ್ಲಿ ಅಲ್ಲಿಯ ಸರಕಾರವು ಯೋಜನೆಯೊಂದನ್ನು ಪ್ರಕಟಿಸಿದೆ. ಒಂದು ಚಿಕ್ಕ ತೊರೆಯನ್ನು ತಂಪಾಗಿಟ್ಟರೆ ಆ ತೊರೆಯಲ್ಲಿ ಹುಟ್ಟಿದ ಮೀನಿಗೆ ಮಾತ್ರವಲ್ಲದೆ, ಅದರ ಬಾಯಿಯಲ್ಲಿ ಒಂದು ದಿನ ತಂಗಿ ಮುಂದಿನ ಬೆಟ್ಟಗಳಿಗೆ ಹೋಗಲಿರುವ ಮೀನಿಗೂ ಉಪಕಾರವಾಗುತ್ತದೆ. ದಾರಿಯಲ್ಲಿ ಸಾಲುಮರ ನೆಡಿಸುವುದನ್ನೂ ಅರವಟ್ಟಿಗೆ ಇಡಿಸುವುದನ್ನೂ ಪುಣ್ಯಕಾರ್ಯಗಳೆಂದು ಎಣಿಸಿದ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇತ್ಯಲಂ ವಿಸ್ತರೇಣ.